ಕಿಟಕಿ, ಬೆಳಗಿನ ಬೆಳಕು, ಯಾರು ಬೇಕಾದರೂ ಬಳಸಬಹುದು

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸಂಪಾದಕರು ನನ್ನಿಂದ ಕೇಳಿದ್ದು ಕಥೆಯನ್ನಲ್ಲ. ವಿಡಿಯೋ ಮಾಡುವವರಿಗೆ ಉಚಿತವಾಗಿ, ಕಾನೂನಿನ ತಂಟೆಯಿಲ್ಲದೆ ಬಳಸಬಹುದಾದ ಕಚ್ಚಾ ಫುಟೇಜ್ ಎಲ್ಲಿ ಸಿಗುತ್ತದೆ, ಅದನ್ನು ಹಂಚಿಕೊಳ್ಳುವುದು ಹೇಗೆ ಎಂಬ ಉಪಯುಕ್ತ ಲೇಖನ. ಉಪಯುಕ್ತ ಎಂಬ ಶಬ್ದ ಕೇಳಿದರೇ ನನಗೆ ಮೈ ಉರಿಯುತ್ತದೆ, ಆದರೂ ಒಪ್ಪಿಕೊಂಡೆ. ಬಲ್ಲವರೊಬ್ಬರನ್ನು ಮಾತಾಡಿಸಿ ಬರೆದರಾಯಿತು ಎಂದು ಒಬ್ಬಳನ್ನು ಸೃಷ್ಟಿಸಿಕೊಂಡೆ. (ಹೌದು, ಸೃಷ್ಟಿಸಿಕೊಂಡೆ. ನಿಜವಾದವರನ್ನು ಹುಡುಕಿಕೊಂಡು ಅಲೆಯುವ ಜಾಯಮಾನ ನನ್ನದಲ್ಲ, ಹೊರಗೆ ಬಿಸಿಲು ಬೇರೆ.) ಅವಳು ಬಂದಳು, ಕೂತಳು, ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಉತ್ತರ ಹೇಳಿದಳು. ನಡುವೆ ಒಮ್ಮೆ ಫೋನ್ ನೋಡಿಕೊಂಡಳು. ಮುಖ ಬಿಳಿಚಿಕೊಂಡಿತು. ಲೇಖನ ಅಲ್ಲಿಗೆ ನಿಂತಿತು.

1, ಇನ್ನೊಮ್ಮೆ

“ಕಿಟಕಿಯಾಚೆ ಸಾಲು ತಾರಸಿಗಳು. ಬಲಗಡೆ ಎತ್ತರದ ಕಟ್ಟಡವೊಂದರ ನೆತ್ತಿಯ ಮೇಲೆ ಲಿಫ್ಟ್ ರೂಮು, ಅದರ ಗೋಡೆಗೆ...”

ಮೊದಲ ಡ್ರಾಫ್ಟು ಹೀಗೆ ಶುರುವಾಗಿತ್ತು. ಚೆನ್ನಾಗಿತ್ತು ಕೂಡ, ಸುಳ್ಳು ಯಾಕೆ ಹೇಳಲಿ. ಅಕ್ಕ ಹೊಡೆದು ಹಾಕಿಸಿದಳು. ಆ ಗೋಡೆಗೆ ಏನಿತ್ತು ಎಂದು ನಾನು ಹೇಳುವಂತಿಲ್ಲ. ಯಾವ ಅಕ್ಕ, ಯಾಕೆ ಹೇಳುವಂತಿಲ್ಲ ಎಂದು ನೀವು ಕೇಳುತ್ತೀರಿ. ಸ್ವಲ್ಪ ತಡೆಯಿರಿ, ಎಲ್ಲಕ್ಕೂ ಆತುರ ನಿಮಗೆ.

2

ನಾನು ಸೃಷ್ಟಿಸಿಕೊಂಡವಳನ್ನು ತಂಗಿ ಎಂದು ಕರೆಯೋಣ, ಯಾಕೆಂದರೆ ಅವಳಿಗೊಬ್ಬಳು ಅಕ್ಕ ಇದ್ದಾಳೆ. ತಂಗಿಯದು ಕ್ಯಾಮೆರಾ ಕೆಲಸ. ಹೊಟ್ಟೆಪಾಡಿಗೆ ಕಂಪನಿಗಳ ಸಭೆ ಸಮಾರಂಭ ಶೂಟ್ ಮಾಡುತ್ತಾಳೆ. ಅದು ಮುಗಿದ ಮೇಲೆ ತನ್ನ ಖುಷಿಗೆ ಕಂಡಕಂಡದ್ದನ್ನೆಲ್ಲ ಶೂಟ್ ಮಾಡಿ ತನ್ನ ಸೈಟಿಗೆ ಹಾಕುತ್ತಾಳೆ: ಬಸ್ಸಿಗೆ ಕಾಯುವವರ ಕಾಲುಗಳು, ಅಂಗಡಿಯ ಶಟರ್ ಎಳೆಯುವ ಕೈ, ಕುದಿಯುವ ನೀರು, ಒರೆಸಿದ ನೆಲದ ಮೇಲೆ ಆರುತ್ತ ಹೋಗುವ ಪಸೆ. ಪ್ರತಿಯೊಂದರ ಕೆಳಗೂ ಒಂದೇ ಸಾಲು. ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಬಹುದು. ನನ್ನನ್ನು ಕೇಳಬೇಕಿಲ್ಲ, ನನ್ನ ಹೆಸರು ಹಾಕಬೇಕಿಲ್ಲ. ಕ್ಯಾಮೆರಾ ಕೊಳ್ಳಲಾಗದ ಹುಡುಗಿಯೊಬ್ಬಳು ಎಲ್ಲೋ ಕೂತು ಈ ತುಣುಕುಗಳನ್ನೇ ಹೊಲಿದು ಒಂದು ಪುಟ್ಟ ಸಿನಿಮಾ ಮಾಡಿದ್ದಳಂತೆ. ಅದನ್ನು ಹೇಳುವಾಗ ತಂಗಿಯ ಮುಖ ನೀವು ನೋಡಬೇಕಿತ್ತು.

ಅವಳು ಹೇಳಿದ ಉಪಯುಕ್ತ ಸಂಗತಿಗಳನ್ನು ಇಲ್ಲೇ ಸುರಿದುಬಿಡುತ್ತೇನೆ, ಸಂಪಾದಕರಿಗೂ ಸಮಾಧಾನವಾಗಲಿ. ನೆಟ್‌ನಲ್ಲಿ ಬಿಟ್ಟಿ ನೋಡಲು ಸಿಕ್ಕಿದ್ದೆಲ್ಲ ಬಿಟ್ಟಿ ಬಳಸಲು ಸಿಕ್ಕ ಹಾಗಲ್ಲ. ತುಣುಕಿನ ಪುಟದಲ್ಲೇ ಲೈಸೆನ್ಸ್ ಏನೆಂದು ಬರೆದಿರುತ್ತದೆ, ಅದನ್ನು ಓದಬೇಕು, ಓದಿದ್ದಕ್ಕೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಹಾಕಿದವನೇ ಶೂಟ್ ಮಾಡಿದ್ದಾನೋ ಅಥವಾ ಇನ್ನೊಬ್ಬರದ್ದನ್ನು ಎತ್ತಿ ತಂದು ದಾನಶೂರನಾಗಿ ನಿಂತಿದ್ದಾನೋ ಎಂದು ವಿಚಾರಿಸಬೇಕು. ಮುಖ ಕಾಣುವಂತಿದ್ದರೆ ಆ ಮುಖದವರ ಒಪ್ಪಿಗೆ ಬೇರೆಯೇ ಬೇಕು. ಹಿನ್ನೆಲೆಯಲ್ಲಿ ಯಾವುದೋ ಅಂಗಡಿಯ ಹಾಡು ಕೇಳಿಸಿದರೆ ಆ ಹಾಡು ನಿಮ್ಮದಲ್ಲ. ಮತ್ತು ಒಮ್ಮೆ ಎಲ್ಲರಿಗೂ ಎಂದು ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ಈ ಕೊನೆಯ ಮಾತನ್ನು ಅವಳು ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾಳೆ.

ಇನ್ನೊಂದು ಹಟ ಅವಳದು. ಕಚ್ಚಾ ಎಂದರೆ ಕಚ್ಚಾ. ತುಣುಕಿನ ತಲೆ ಬಾಲ ಕತ್ತರಿಸುವುದಿಲ್ಲ, ದನಿ ತೆಗೆಯುವುದಿಲ್ಲ. ಎಡಿಟ್ ಮಾಡುವವರಿಗೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಸರಿಯಲು ಆಚೀಚೆ ಒಂದಿಷ್ಟು ಜಾಗ ಬೇಕು. ಬೇರೆ ಸೈಟಿನವರು ಅಂದಗಾಣಿಸುವ ನೆಪದಲ್ಲಿ ಅದನ್ನೇ ಕತ್ತರಿಸಿ ಕೊಡುತ್ತಾರೆಂದು ಅವಳಿಗೆ ಸಿಟ್ಟು. ಹಾಗಾಗಿ ಅವಳ ತುಣುಕುಗಳಲ್ಲಿ ದೃಶ್ಯ ಮುಗಿದ ಮೇಲೂ ಕ್ಯಾಮೆರಾ ಓಡುತ್ತಿರುತ್ತದೆ. ಆ ಉಳಿಕೆಯನ್ನು ಅವಳು ಬಾಲಂಗೋಚಿ ಎನ್ನುತ್ತಾಳೆ.

3

ಈಗ ಅಕ್ಕ. (ಈ ಬರಹದಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ತಾನಾಗಿ ಬಂದವಳು.) ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿನ ಅಳತೆಗೆ ಗಾಜು ಉಜ್ಜುತ್ತಾಳೆ. ಕನ್ನಡಕದ ಅಂಗಡಿ ಎಂದು ಬರೆಯಲು ಅವಳು ಒಪ್ಪಿದ್ದು, ಅವಳ ನಿಜವಾದ ಕೆಲಸ ಬೇರೆಲ್ಲೋ ಇರುವುದರಿಂದ. ಗಂಡನನ್ನು ಬಿಟ್ಟು, ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದು, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಎಲ್ಲಿ ಎನ್ನುವುದು ತಂಗಿಯನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ.

ಗಂಡ, ಅಂದರೆ ತಂಗಿಗೆ ಭಾವ, ಲಿಫ್ಟ್ ಮೆಕ್ಯಾನಿಕ್. ಹೊಡೆಯುತ್ತಿದ್ದನೇ ಎಂದು ಕೇಳಿದೆ, ಕಥೆಗೆ ಅನುಕೂಲ ನೋಡಿ. ಇಲ್ಲವಂತೆ. ದನಿ ಏರಿಸಿದವನೂ ಅಲ್ಲ. ಮದುವೆಯಾದ ಮೇಲೆ ಮನೆಯ ಬಾಗಿಲುಗಳ ಒಳಚಿಲಕಗಳನ್ನು ಒಂದೊಂದಾಗಿ ಬಿಚ್ಚಿದ. ಮೊದಲು ಮಲಗುವ ಕೋಣೆಯದು, ಆಮೇಲೆ ಅಡುಗೆಮನೆಯದು, ಕೊನೆಗೆ ಬಚ್ಚಲಿನದು. ಸ್ಕ್ರೂ ತೂತುಗಳಿಗೆ ಮರಗೆಲಸದವರ ಮೇಣ ತುಂಬಿ, ಉಜ್ಜಿ, ಅದೇ ಬಣ್ಣ ಬಳಿದ. ಕೆಲಸದಲ್ಲಿ ಬಹಳ ನೀಟು. ಯಾಕೆಂದು ಕೇಳಿದರೆ ನಮ್ಮಿಬ್ಬರ ನಡುವೆ ಮುಚ್ಚಿಡುವುದೇನಿದೆ ಎಂದು ನಕ್ಕನಂತೆ. ಮಗಳು ಸ್ನಾನಕ್ಕೆ ಹೋದಾಗ ನೀರು ತುಂಬಿದ ಬಕೆಟನ್ನು ಎಳೆದು ಬಾಗಿಲಿಗೆ ಒತ್ತಿ ಇಡುವುದನ್ನು ಕಂಡ ದಿನ ಅಕ್ಕ ಮನೆ ಬಿಟ್ಟಳು.

ಅವನು ಹುಡುಕಿಕೊಂಡು ಬಂದ, ನಗುನಗುತ್ತಲೇ ಇಬ್ಬರನ್ನೂ ವಾಪಸ್ ಕರೆದುಕೊಂಡು ಹೋದ. ಇನ್ನೊಂದು ಸಲ ಹೀಗಾದರೆ ಮಗಳೊಬ್ಬಳೇ ನನ್ನ ಜೊತೆ ವಾಪಸ್ ಬರುತ್ತಾಳೆ ಎಂದು ದಾರಿಯಲ್ಲಿ ಹೇಳಿದ. ಈಗ ನಡೆಯುತ್ತಿರುವುದು ಆ ಇನ್ನೊಂದು ಸಲ.

4

ತಂಗಿ ಒಂದು ಬೆಳಿಗ್ಗೆ ಅಕ್ಕನ ಕೋಣೆಗೆ ಹೋಗಿದ್ದಳು. ಕಿಟಕಿಯಿಂದ ಬಿದ್ದ ಬೆಳಕು ಅವಳಿಗೆ ತಡೆಯಲಾರದಷ್ಟು ಇಷ್ಟವಾಯಿತು. ಪುಟ್ಟಿಯನ್ನು ಮಂಚದ ಮೇಲೆ ಸುಮ್ಮನೆ ಕೂರಿಸಿ ಶೂಟ್ ಮಾಡಿದಳು. ಸೈಟಿಗೆ ಹಾಕುವ ಮುಂಚೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರೀಕ್ಷಿಸಿದಳು. ಮುಖ ಕಾಣುತ್ತದೆಯೇ? ಇಲ್ಲ. ಅಂಗಡಿಯ ಬೋರ್ಡು? ಇಲ್ಲ. ಯಾರದಾದರೂ ಹಾಡು? ಇಲ್ಲ. ಕಾನೂನಿನ ಪ್ರಕಾರ ಅಪ್ಪಟ. ಬಾಲಂಗೋಚಿಯಲ್ಲಿ ಮಾತ್ರ, “ಚಿಕ್ಕಮ್ಮಾ, ಈಗ ಮಾತಾಡಬಹುದಾ?” ಎಂದು ಪುಟ್ಟಿ ಕೇಳುವುದು ಕೇಳಿಸುತ್ತದೆ. ಮುದ್ದಾಗಿದೆ, ಇರಲಿ ಎಂದು ಬಿಟ್ಟಳು.

(ನೀವು ಈಗ ಅಯ್ಯೋ ದಡ್ಡಿ ಅಂದಿರಿ, ನನಗೆ ಕೇಳಿಸಿತು. ಅವಳು ದಡ್ಡಿಯಲ್ಲ. ಕಸುಬಿನ ಕಣ್ಣಿಂದ ನೋಡಿದಳು, ಆ ಕಣ್ಣಿಗೆ ಅದು ಅಕ್ಕನ ಕಿಟಕಿಯಾಗಿರಲಿಲ್ಲ, ಬರೀ ಕಿಟಕಿಯಾಗಿತ್ತು. ಅಂಥ ತಪ್ಪು ಆ ಕಸುಬಿನವರಷ್ಟೇ ಮಾಡಬಲ್ಲರು.)

ಬೆಳಿಗ್ಗೆ ಬೇಗ ಏಳುವುದು ಹೇಗೆ ಎಂದು ಬುದ್ಧಿ ಹೇಳುವ ಒಬ್ಬ ತನ್ನ ವಿಡಿಯೋಕ್ಕೆ ಆ ತುಣುಕನ್ನು ತೆಗೆದುಕೊಂಡ. ಮರ್ಯಾದಸ್ಥ. ಹಾಕಬೇಕಿಲ್ಲದಿದ್ದರೂ ತಂಗಿಯ ಸೈಟಿನ ಹೆಸರು ಹಾಕಿ ಧನ್ಯವಾದ ಹೇಳಿದ. ಆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಿತು. ಏಳುವವರು ಎದ್ದರೋ ಇಲ್ಲವೋ ಗೊತ್ತಿಲ್ಲ.

ನನ್ನೆದುರು ಕೂತಿದ್ದಾಗ ತಂಗಿ ಫೋನಿನಲ್ಲಿ ನೋಡಿದ್ದು, ಆ ತುಣುಕಿನ ಕೆಳಗೆ ಆಗಷ್ಟೇ ಬಂದು ಬಿದ್ದ ಕಾಮೆಂಟು. ಬರೆದವರ ಹೆಸರಿರಲಿಲ್ಲ.

“ತುಂಬಾ ಚೆನ್ನಾಗಿದೆ. ಮಗುವಿನ ದನಿ ಸ್ಪಷ್ಟವಾಗಿ ಬಂದಿದೆ. ಇದೇ ಕಿಟಕಿಯಿಂದ ಸಂಜೆಯದೂ ಇದ್ದರೆ ಹಾಕಿ.”

5

ನಾನು ಅದನ್ನು ಮತ್ತೆ ಮತ್ತೆ ಓದಿದೆ. ನೀವೂ ಓದಿ. ಬೆದರಿಕೆ ಎಲ್ಲಿದೆ? ಎಡಿಟಿಂಗ್ ಮಾಡುವವರು ಇಂಥದ್ದನ್ನು ದಿನಾ ಕೇಳುತ್ತಾರಂತೆ. ಬೆಳಗಿನ ದೃಶ್ಯ ಸಿಕ್ಕವರಿಗೆ ಅದೇ ಜಾಗದ ಸಂಜೆಯೂ ಬೇಕಾಗುತ್ತದೆ, ಒಂದು ದಿನ ಕಳೆಯಿತೆಂದು ತೋರಿಸಲು. ಇದು ಯಾರೋ ಪಾಪದ ವಿದ್ಯಾರ್ಥಿ ಇರಬಹುದು. ಅಥವಾ ಊಟದ ಹೊತ್ತಿನಲ್ಲಿ ಪಕ್ಕದವನ ಫೋನಿನಲ್ಲಿ ಬೇಗ ಏಳುವ ವಿಡಿಯೋ ನೋಡಿ, ಒಂದು ಕಟ್ಟಡದ ನೆತ್ತಿಯನ್ನು ಗುರುತಿಸಿ, ಸೈಟಿನ ಹೆಸರು ಹಿಡಿದು ಬಂದು, ಬಾಲಂಗೋಚಿಯವರೆಗೂ ಕಿವಿಗೊಟ್ಟು ಕೇಳಿದ ಅಪ್ಪ ಇರಬಹುದು. ಇಬ್ಬರೂ ಬರೆದರೆ ಹೀಗೇ ಬರೆಯುತ್ತಾರೆ.

ತಂಗಿ ತುಣುಕನ್ನು ಕಿತ್ತುಹಾಕಿದಳು. ಅಷ್ಟರಲ್ಲಿ ಅದು ಇನ್ನೂ ಐದಾರು ಸೈಟುಗಳಿಗೆ ಹರಡಿತ್ತು, ಎಲ್ಲರೂ ನ್ಯಾಯವಾಗಿಯೇ ತೆಗೆದುಕೊಂಡವರು. ಒಬ್ಬೊಬ್ಬರಿಗೂ ಬರೆದು ಬೇಡಿಕೊಂಡಳು. ಕಾರಣ ಹೇಳುವಂತಿಲ್ಲ, ಹೇಳಿದರೆ ಅದೇ ಇನ್ನೊಂದು ಸುಳಿವು. ಕೆಲವರು ತೆಗೆದರು. ಒಬ್ಬ ಮಾತ್ರ ಬಹಳ ವಿನಯದಿಂದ, ಒಮ್ಮೆ ಎಲ್ಲರಿಗೂ ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ ಎಂಬುದನ್ನು ನಿಮ್ಮ ಸೈಟಿನಲ್ಲೇ ಕಲಿತೆ ಮೇಡಂ ಎಂದು ಉತ್ತರಿಸಿದ. ತಂಗಿ ಅದನ್ನು ನನಗೆ ತೋರಿಸಿ ನಕ್ಕಳು, ಆಮೇಲೆ ಅತ್ತಳು. ನೀರು ತಂದುಕೊಟ್ಟೆ.

(ಪೊಲೀಸರ ಹತ್ತಿರ ಹೋಗಬಹುದಿತ್ತಲ್ಲ ಎನ್ನುವವರಿಗೆ: ಹೋಗಿದ್ದಳು. ಠಾಣೆಯಲ್ಲಿದ್ದವರು ಕಾಮೆಂಟು ಓದಿ, ಹೊಗಳಿದ್ದಾರಲ್ಲಮ್ಮ, ಇದರಲ್ಲಿ ಕೇಸು ಎಲ್ಲಿಂದ ಹುಟ್ಟಿಸೋಣ ಎಂದರಂತೆ.)

6

ಇದನ್ನು ಅಕ್ಕ ತೆಗೆಸಿದ್ದಾಳೆ. ಅವಳ ಕೋಣೆಗೆ ಹೋಗುವ ದಾರಿಯ ವರ್ಣನೆ ಇತ್ತು.

7

ಕೋಣೆಯಲ್ಲಿ ಒಂದು ಮಂಚ, ಮಡಚುವ ಮೇಜು, ಅದರ ಮೇಲೆ ಬಣ್ಣದ ಪೆನ್ಸಿಲ್ಲುಗಳು, ಸ್ಟೌ ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ತಟ್ಟೆಗಳು. (ಇಂಥ ಕೋಣೆಗಳು ಲೋಕದಲ್ಲಿ ಬೇಕಾದಷ್ಟಿವೆ, ಹಾಗಾಗಿ ಬರೆಯಲು ಅನುಮತಿ ಸಿಕ್ಕಿದೆ.) ಪುಟ್ಟಿ ಸ್ಕೂಲಿಗೆ ಹೋಗಿದ್ದಳು. ತಂಗಿ ಎಲ್ಲವನ್ನೂ ಹೇಳಿದಳು, ಹೇಳುತ್ತ ಹೇಳುತ್ತ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು. ಅಕ್ಕ ಎದ್ದು ಹೋಗಿ ಮೊದಲು ಕಿಟಕಿ ಮುಚ್ಚಿದಳು.

“ಪರದೆ ಪೂರ್ತಿ ಸರಿಸಿದ್ಯಾ ಅವತ್ತು?”

“ಹೂಂ ಅಕ್ಕ.”

“ಹಾಗಾದ್ರೆ ಆ ಲಿಫ್ಟ್ ರೂಮು ವಿಡಿಯೋದಲ್ಲಿ ಬಿದ್ದಿದೆ. ಅವರಿಗೆ ಗೊತ್ತಾಗುತ್ತೆ. ನಾವು ಮನೆಗಳನ್ನ ಬಾಗಿಲಿಂದ ಗುರುತು ಹಿಡಿತೀವಿ, ಅವರು ಮೇಲಿಂದ ಹಿಡಿತಾರೆ.”

ಗಂಡನನ್ನು ಈಗಲೂ ಅವರು ಎನ್ನುವುದನ್ನು ಗಮನಿಸಿದಿರಾ? ನಾನು ಗಮನಿಸಿದೆ. ಅವನು ಎಂದು ತಿದ್ದಲೇ ಎಂದು ಕೇಳಿದೆ. ತಿದ್ದಿದರೂ ತನ್ನ ಬಾಯಲ್ಲಿ ಬರುವುದಿಲ್ಲ ಎಂದಳು, ಬಿಟ್ಟೆ.

ಈಗಲೇ ಹೊರಡೋಣ, ನನ್ನ ಹತ್ತಿರ ಬಂದುಬಿಡು ಎಂದು ತಂಗಿ ಗೋಗರೆದಳು. ತಂಗಿಯ ಮನೆ ಅವನಿಗೆ ಗೊತ್ತಿರುವ ಮೊದಲ ವಿಳಾಸ ಎಂಬುದು ಹೇಳಿ ಮುಗಿಸಿದ ಮೇಲೆ ಅವಳಿಗೇ ಹೊಳೆಯಿತು. ಪುಟ್ಟಿಗೆ ಈಗಷ್ಟೇ ಸ್ಕೂಲಿನಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಾಳೆ, ಇಬ್ಬರೂ ಒಂದೇ ಡಬ್ಬಿಯಿಂದ ತಿನ್ನುತ್ತಾರೆ ಎಂದಳು ಅಕ್ಕ. ಇನ್ನೆಷ್ಟು ಸಲ ಮಗುವನ್ನು ಬೇರುಸಹಿತ ಕಿತ್ತುಕೊಂಡು ಓಡಲಿ ಎಂದಳು.

“ಅಕ್ಕ, ಬೈಯಾದ್ರೂ ಬೈ.”

“ಬೈತೀನಿ. ತುಂಬಾ ಸಿಟ್ಟು ಬಂದಿದೆ ನಿನ್ನ ಮೇಲೆ. ಆದ್ರೆ ಈಗ ಪುರುಸೊತ್ತಿಲ್ಲ.”

8

ಮುಂದಿನದನ್ನು ಬರೆಯಲು ಅಕ್ಕ ತಕರಾರು ಮಾಡಲಿಲ್ಲ, ಯಾಕೆಂದರೆ ಅದು ಅವನಿಗೆ ಈಗಾಗಲೇ ಗೊತ್ತು.

ಉಪಾಯ ತಂಗಿಯದು. ಸಂಜೆಯದು ಕೇಳಿದ್ದಾನಲ್ಲ, ಕೊಡೋಣ. ಬೇರೆ ಬಡಾವಣೆ, ಬೇರೆ ಕಿಟಕಿ, ಬೇರೆ ತಾರಸಿಗಳು. ಬಾಲಂಗೋಚಿಯಲ್ಲಿ ಪುಟ್ಟಿಯ ದನಿ ಇರಲಿ. ಬಂದವನು ದೂರದ ಆ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿರಲಿ, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು. ಅಕ್ಕನಿಗೆ ಇದು ಹಿಡಿಸಲಿಲ್ಲ, ಆದರೆ ಅವಳ ಹತ್ತಿರ ಇದಕ್ಕಿಂತ ಒಳ್ಳೆಯದು ಇರಲಿಲ್ಲ. ಪರಿಚಯದವರ ಖಾಲಿ ಫ್ಲ್ಯಾಟಿನಲ್ಲಿ ಪುಟ್ಟಿಯನ್ನು ಕುರ್ಚಿಯ ಮೇಲೆ ಕೂರಿಸಿದರು. ಕ್ಯಾಮೆರಾ ಕಡೆ ನೋಡಬೇಡ, ನಾನು ಕೈ ಎತ್ತಿದಾಗ ಅವತ್ತಿನ ಹಾಗೇ ಕೇಳು ಎಂದು ತಂಗಿ ಹೇಳಿಕೊಟ್ಟಳು. ಪುಟ್ಟಿ ಒಂದೇ ಸಲಕ್ಕೆ ಸರಿಯಾಗಿ ಕೇಳಿದಳು. ಕ್ಯಾಮೆರಾ ನಿಂತ ಮೇಲೆ ಮೆಲ್ಲಗೆ ಇನ್ನೊಂದು ಕೇಳಿದಳು.

“ಅಮ್ಮ, ಅಪ್ಪ ಇದನ್ನ ಕೇಳಿಸ್ಕೋತಾರಾ?”

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕಥೆ ಬರೆಯುವುದು ಬಿಟ್ಟು ನಿಜಕ್ಕೂ ಲೇಖನವನ್ನೇ ಬರೆದಿದ್ದರೆ ಈ ಮಗು ಇದರೊಳಗೆ ಬರುತ್ತಲೇ ಇರಲಿಲ್ಲ.

ತಂಗಿ ತುಣುಕನ್ನು ಹಾಕಿದಳು, ಅದೇ ಹಳೆಯ ಸಾಲಿನ ಸಮೇತ. ಮಾರನೆಯ ದಿನ ಕಾಮೆಂಟು ಬಂತು.

“ಧನ್ಯವಾದ. ಆದರೆ ಇದು ಆ ಕಿಟಕಿಯಲ್ಲ. ಮಗು ಅದೇ.”

(ಕಿಟಕಿ ಬೇರೆ ಎಂದು ಒಳ್ಳೆಯ ಎಡಿಟರ್ ಕೂಡ ಹೇಳಬಲ್ಲ. ಈ ಮಾತನ್ನು ತಂಗಿ ನನಗೆ ಹೇಳಿದಳು, ಅಕ್ಕನಿಗೆ ಹೇಳಿದಳು, ಮೆಟ್ಟಿಲಿಳಿಯುತ್ತ ತನಗೂ ಹೇಳಿಕೊಂಡಳು.)

ಮುಕ್ತಾಯ, ಒಂದನೆಯದು

ಅವನು ಬಂದ. ಕಂಪನಿಯ ಸಮವಸ್ತ್ರ, ಕೈಯಲ್ಲಿ ಸಾಮಾನಿನ ಪೆಟ್ಟಿಗೆ. ಬಾಗಿಲು ತಟ್ಟಿದ. ಒಳಗೆ ಅಕ್ಕ ಬಾಗಿಲಿಗೆ ಮೇಲೊಂದು ಕೆಳಗೊಂದು ಹೊಸ ಚಿಲಕ...

ಅಷ್ಟರಲ್ಲಿ ಅಕ್ಕ ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದಳು. ಎಷ್ಟು ಚಿಲಕ, ಎಲ್ಲಿ ಎಂದು ಯಾಕೆ ಬರೆದಿರಿ ಎಂದು ಕೇಳಿದಳು. ಯಾವ ಸಾಮಾನು ತರಬೇಕೆಂದು ಅವನಿಗೆ ನಾನೇ ಹೇಳಿಕೊಟ್ಟ ಹಾಗಾಯಿತಂತೆ. ಹರಿದು ಹಾಕಿದೆ.

ಮುಕ್ತಾಯ, ಎರಡನೆಯದು

ಕಾಮೆಂಟು ಹಾಕಿದ್ದು ಸಿನಿಮಾ ಕಲಿಯುತ್ತಿರುವ ಹುಡುಗಿ. ತಂಗಿ ಅವಳನ್ನು ಪತ್ತೆ ಹಚ್ಚುತ್ತಾಳೆ, ಎಲ್ಲರೂ ಉಸಿರು ಬಿಡುತ್ತಾರೆ, ಕಿಟಕಿ ತೆರೆಯುತ್ತಾರೆ. ಸಂಪಾದಕರಿಗೆ ಇದು ಬಹಳ ಹಿಡಿಸಿತು. ಅಕ್ಕನಿಗೆ ಹಿಡಿಸಲಿಲ್ಲ. ನಾವು ನಿಶ್ಚಿಂತೆಯಾಗಿದ್ದೇವೆ ಎಂದು ಓದಿದವನು ಅವತ್ತೇ ಹೊರಡುತ್ತಾನೆ ಎಂದಳು.

ಮುಕ್ತಾಯ, ಮೂರನೆಯದು

ತಾಯಿ ಮಗಳು ಬೆಳಗಿನ ಬಸ್ಸು ಹತ್ತಿ ಊರು ಬಿಡುತ್ತಾರೆ. ಪುಟ್ಟಿ ಕಿಟಕಿಯ ಪಕ್ಕ ಕೂತು ನಿದ್ದೆ ಹೋಗುತ್ತಾಳೆ, ಎಡಗೆನ್ನೆಯ ಮೇಲೆ ಎಳೆಬಿಸಿಲು. ಇದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಊರಿನ ಹೆಸರಿಲ್ಲ, ಬಸ್ಸಿನ ನಂಬರಿಲ್ಲ, ಏನೂ ಇಲ್ಲ. ಅಕ್ಕ ಎರಡು ಸಲ ಓದಿದಳು.

“ಬೆಳಗಿನ ಬಿಸಿಲು ಎಡಗಡೆ ಬಿತ್ತು ಅಂದ್ರೆ ಬಸ್ಸು ಯಾವ ದಿಕ್ಕಿಗೆ ಹೋಯ್ತು?”

ನನಗೆ ಸಿಟ್ಟು ಬಂತು, ಬಂದದ್ದನ್ನು ಯಾಕೆ ಮುಚ್ಚಿಡಲಿ. ನೋಡಮ್ಮಾ, ಇದು ಕಥೆ, ನೀನು ನಾನು ಕಟ್ಟಿದವಳು, ಅವನೂ ನಾನು ಕಟ್ಟಿದವನೇ, ಯಾರು ಯಾರನ್ನು ಹುಡುಕಿಕೊಂಡು ಬರುತ್ತಾರೆ ಎಂದು ರೇಗಿದೆ. ಅವಳು ರೇಗಲಿಲ್ಲ.

“ನನ್ನ ತಂಗಿನೂ ಹಾಗೇ ಅಂದ್ಲು. ಬರೀ ಕಿಟಕಿ ಅಂತ.”

ಇಲ್ಲಿಗೆ ನಂಬರು ಹಾಕಿಲ್ಲ

ಸಂಪಾದಕರು ಫೋನ್ ಮಾಡಿದ್ದರು. ಮುಕ್ತಾಯವಿಲ್ಲದೆ ಕೊಟ್ಟರೆ ಓದುಗರಿಗೆ ಅನ್ಯಾಯವಾಗುತ್ತದಂತೆ. ಇಷ್ಟು ಹೊತ್ತು ಕೂರಿಸಿಕೊಂಡು ಕೊನೆಗೆ ಕೈ ಎತ್ತುವುದು ಸರಿಯಲ್ಲವಂತೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ನಾನೂ ಓದುಗನೇ, ನನಗೂ ಕೊನೆ ಬೇಕು.

ಅಕ್ಕ ಇವತ್ತು ಬಂದಿದ್ದಳು, ಪುಟ್ಟಿಯ ಜೊತೆ. ಕೈಯಲ್ಲಿ ಚೀಲವಿತ್ತೋ ಇಲ್ಲವೋ ನಾನು ನೋಡಿದೆ, ಹೇಳುವುದಿಲ್ಲ. ಮುಂದೇನು ಮಾಡುತ್ತೇನೆಂದು ಅವಳು ನನಗೆ ಹೇಳಿದಳು. ತಂಗಿಗೆ ಹೇಳಿಲ್ಲವಂತೆ; ಅವಳ ಮೇಲೆ ಸಿಟ್ಟಿಗಲ್ಲ, ಅವಳನ್ನು ಯಾರಾದರೂ ಕೇಳಿದರೆ ಗೊತ್ತಿಲ್ಲ ಎಂದು ನಿಜವನ್ನೇ ಹೇಳಲಿ ಎಂದು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಒಂದೇ ಒಂದು ಮಾತು ಕೇಳಿಕೊಂಡಳು. ಮುಗಿಸಬೇಡಿ ಎಂದಳು. ಪುಟ್ಟಿ ನನಗೆ ಟಾಟಾ ಮಾಡಿದಳು.

ಅವರು ಹೋದ ಮೇಲೆ ಕೂತು ಎಲ್ಲವನ್ನೂ ಬರೆದೆ. ಒಂದು ಪೂರ್ತಿ ಪುಟ ಬಂತು, ಇಲ್ಲಿಯವರೆಗೆ ಬರೆದದ್ದಕ್ಕಿಂತ ಚೆನ್ನಾಗಿಯೇ ಬಂತು. ಅದನ್ನು ನಾನು ನಿಮಗೆ ಕೊಡುತ್ತಿಲ್ಲ.

ಅವಳು ಕ್ಷೇಮವಾಗಿದ್ದಾಳಾ, ಅಷ್ಟು ಹೇಳಿ ಸಾಕು ಎಂದು ನೀವು ಕೇಳುತ್ತಿದ್ದೀರಿ. ಕಾಳಜಿಯಿಂದಲೇ ಕೇಳುತ್ತಿದ್ದೀರಿ, ನನಗೆ ಗೊತ್ತು. ಅವನು ಕೇಳುವುದೂ ಇದೇ ಮಾತು, ಇದೇ ದನಿಯಲ್ಲಿ. ಪುಟದ ಈಚೆ ಕೂತ ನನಗೆ ಯಾರ ಮುಖವೂ ಕಾಣುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಲ್ಲಿ ಅವನು ಯಾರೆಂದು ನನಗೆ ಗೊತ್ತಿಲ್ಲ.